ಹವಾಯಿ ಸಿಪಾಯಿಯಿಂದ ಮಾಸ್ಟರ್ ವಾರಂಟ್ ಆಫೀಸರ್‌ವರೆಗೆ

ಭಾರತದ ಸೈನಿಕ ಬಾಹ್ಯಾಕಾಶ ಕಾರ್ಯದ ಇತಿಹಾಸವನ್ನು ಸಾಮಾನ್ಯವಾಗಿ ರಾಕೆಟ್ಟುಗಳು, ಉಪಗ್ರಹಗಳು, ಅವನ್ನು ರೂಪಿಸಿದ ವಿಜ್ಞಾನಿಗಳು ಮತ್ತು ಗಗನಯಾನಕ್ಕೆ ಆಯ್ಕೆಯಾದ ಅಧಿಕಾರಿಗಳ ಸುತ್ತ ಹೆಣೆಯಲಾಗುತ್ತದೆ. ಆದರೆ ಕಕ್ಷೆಯಲ್ಲಿರುವ ಉಪಗ್ರಹಕ್ಕೂ ಗಡಿಯಲ್ಲಿರುವ ಯೋಧನಿಗೂ ನಡುವೆ ನೆಲದ ಮೇಲೆ ಒಂದು ಆಂಟೆನಾ, ಒಂದು ಗ್ರಾಹಕ ಯಂತ್ರ ಇದ್ದೇ ಇರುತ್ತವೆ. ಆ ಯಂತ್ರದ ಮುಂದೆ ಹಗಲುರಾತ್ರಿ ಪಾಳಿಯಲ್ಲಿ ಕೂತು ಸಂಕೇತ ಕೆಡದಂತೆ ಕಾಯುವವರಲ್ಲಿ ಹೆಚ್ಚಿನವರು ಕಮಿಷನ್ ಪಡೆದ ಅಧಿಕಾರಿಗಳಲ್ಲ, ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಸಿಪಾಯಿ ದರ್ಜೆಗೆ ಭರ್ತಿಯಾಗಿ ಕಸುಬು ಕಲಿತು ಮೇಲೇರಿದವರು. ಬಳ್ಳಾರಿ ರಸ್ತೆಯ ಹುಣಸಮಾರನಹಳ್ಳಿಯಿಂದ ಯಲಹಂಕ, ವಿದ್ಯಾರಣ್ಯಪುರಗಳನ್ನು ಹಾದು ಜಾಲಹಳ್ಳಿ, ಪೀಣ್ಯದವರೆಗೆ ಹಬ್ಬಿರುವ ಉತ್ತರ ಬೆಂಗಳೂರಿನ ಪಟ್ಟಿಯಲ್ಲಿ ಈ ಕಸುಬಿಗೆ ಎಂಟು ದಶಕಗಳ ಬೇರು ಇದೆ. ಈ ಪಟ್ಟಿಯ ಇತಿಹಾಸವನ್ನು ಅಧಿಕಾರಿಗಳ ಹೆಸರುಗಳಿಂದಷ್ಟೇ ಬರೆದರೆ ಅದರ ಅರ್ಧ ಭಾಗ ಬಿಟ್ಟುಹೋಗುತ್ತದೆ.

ವಾಯುಪಡೆಯಲ್ಲಿ ಕಮಿಷನ್ ಇಲ್ಲದೆ ಸೇವೆಗೆ ಸೇರುವವರನ್ನು ಏರ್‌ಮ್ಯಾನ್ ಎಂದು ಕರೆಯುತ್ತಾರೆ. ಏರ್‌ಕ್ರಾಫ್ಟ್ಸ್‌ಮನ್ ಎಂಬ ಮೊದಲ ಮೆಟ್ಟಿಲಿನಿಂದ ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್, ಕಾರ್ಪೊರಲ್, ಸಾರ್ಜೆಂಟ್ ಎಂದು ಏರಿ, ಆಮೇಲೆ ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್ ಎಂಬ ಮೂರು ಹಿರಿಯ ದರ್ಜೆಗಳನ್ನು ಅವರು ಮುಟ್ಟಬಹುದು. ಕೊನೆಯದು ಭೂಸೇನೆಯ ಸುಬೇದಾರ್ ಮೇಜರ್‌ಗೆ ಸಮಾನವಾದುದು. ದರ್ಜೆಯ ಗುರುತು ತೋಳಿನ ಮೇಲೆ ಕಾಣುತ್ತದೆ: ಮೊದಲ ದರ್ಜೆಯವನ ತೋಳು ಖಾಲಿ, ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್‌ಗೆ ಎರಡು ಅಲಗಿನ ಒಂದು ಪುಟ್ಟ ಪ್ರೊಪೆಲರ್ ಚಿಹ್ನೆ, ಕಾರ್ಪೊರಲ್‌ಗೆ ಎರಡು ಪಟ್ಟಿ, ಸಾರ್ಜೆಂಟ್‌ಗೆ ಮೂರು ಪಟ್ಟಿ. ಪ್ರೊಪೆಲರ್ ವಿಮಾನಗಳ ಕಾಲ ಬಹುಪಾಲು ಮುಗಿದು ಉಪಗ್ರಹಗಳ ಕಾಲ ಬಂದರೂ ಆ ಚಿಹ್ನೆ ಹಾಗೆಯೇ ಉಳಿದಿರುವುದು ಈ ಸೇವೆಯ ಮೂಲ ಯಾವುದೆಂಬುದನ್ನು ಹೇಳುತ್ತದೆ.

ವಾರಂಟ್ ಎಂಬ ಪದದ ಹಿಂದೆಯೂ ಒಂದು ಚರಿತ್ರೆ ಇದೆ. ಹಾಯಿಹಡಗುಗಳ ಕಾಲದ ಬ್ರಿಟಿಷ್ ನೌಕಾಪಡೆಯಲ್ಲಿ ಕ್ಯಾಪ್ಟನ್ನನೂ ಲೆಫ್ಟಿನೆಂಟರೂ ರಾಜನ ಕಮಿಷನ್‌ನಿಂದ ಅಧಿಕಾರ ಪಡೆದರೆ, ತೋಪುಗಳನ್ನು ನೋಡಿಕೊಳ್ಳುವವನು, ಹಡಗಿನ ಬಡಗಿ, ಹಗ್ಗ-ಹಾಯಿಗಳ ಮೇಲ್ವಿಚಾರಕ ಮೊದಲಾದ ಕಸುಬುದಾರರು ವಾರಂಟ್ ಎಂಬ ಬೇರೆ ಬಗೆಯ ಅಧಿಕಾರಪತ್ರದಿಂದ ನೇಮಕವಾಗುತ್ತಿದ್ದರು. ಯುದ್ಧ ಮುಗಿದು ಹಡಗು ದಡಕ್ಕೆ ಬಂದು ಲಂಗರು ಹಾಕಿದಾಗ ಕ್ಯಾಪ್ಟನ್ ಬೇರೆ ಕಡೆಗೆ ಹೋಗುತ್ತಿದ್ದ, ತೋಪುಗಾರನೂ ಬಡಗಿಯೂ ಹಡಗಿನಲ್ಲಿಯೇ ಉಳಿಯುತ್ತಿದ್ದರು. ಯಂತ್ರದ ನೆನಪನ್ನು ಹೊತ್ತವನು ವಾರಂಟ್ ಪಡೆದವನೆಂಬ ಈ ತಿಳಿವಳಿಕೆ ಹಡಗಿನಿಂದ ವಿಮಾನಕ್ಕೂ ವಿಮಾನದಿಂದ ರಾಡಾರಿಗೂ ಹರಿದುಬಂದಿತು. ಭಾರತದ ಪ್ರತಿಯೊಂದು ವಾಯುನೆಲೆಯಲ್ಲಿ ಇಂದಿಗೂ ಸ್ಟೇಷನ್ ವಾರಂಟ್ ಆಫೀಸರ್ ಎಂಬ ಒಬ್ಬ ಹಿರಿಯ ಇರುತ್ತಾರೆ. ಶಿಸ್ತು, ಕವಾಯತು, ಕಾವಲು, ಏರ್‌ಮ್ಯಾನ್‌ಗಳ ಕುಂದುಕೊರತೆ ಎಲ್ಲವೂ ಮೊದಲು ತಲುಪುವುದು ಅವರ ಮೇಜಿಗೆ.

ಭಾರತೀಯ ವಾಯುಪಡೆ ಕಾನೂನಿನ ಪ್ರಕಾರ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಅದರ ಮೊದಲ ದಳ ಕಾರ್ಯಕ್ಕಿಳಿದದ್ದು 1933ರ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡ್‌ನಲ್ಲಿ. ಅಂದು ಇದ್ದದ್ದು ನಾಲ್ಕು ವಾಪಿಟಿ ವಿಮಾನಗಳು, ಆರು ಮಂದಿ ಅಧಿಕಾರಿಗಳು ಮತ್ತು 19 ಹವಾಯಿ ಸಿಪಾಯಿಗಳು. ನೆಲದ ಸಿಪಾಯಿಯಿಂದ ಬೇರ್ಪಡಿಸಲು ಗಾಳಿಯ ಸಿಪಾಯಿ ಎಂಬ ಅರ್ಥದಲ್ಲಿ ಕೊಟ್ಟ ಹೆಸರು ಅದು. ಅಧಿಕಾರಿಗಳಲ್ಲಿ ಒಬ್ಬರಾದ ಸುಬ್ರತೋ ಮುಖರ್ಜಿ 1954ರಲ್ಲಿ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು, ಅವರ ಸಂಗಡಿಗರ ಹೆಸರುಗಳೂ ವಾಯುಪಡೆಯ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತವೆ. ಹವಾಯಿ ಸಿಪಾಯಿಗಳ ಪೈಕಿ ಓದುಗರ ನೆನಪಿನಲ್ಲಿ ಉಳಿದ ಹೆಸರು ಮುಖ್ಯವಾಗಿ ಹರ್ಜಿಂದರ್ ಸಿಂಗ್ ಅವರದು. ಲಾಹೋರಿನಲ್ಲಿ ಎಂಜಿನಿಯರಿಂಗ್ ಓದಿಯೂ ಸಿಪಾಯಿಯಾಗಿ ಸೇರಿದ ಅವರು 1942ರ ಬರ್ಮಾ ಕಾಳಗದ ಹೊತ್ತಿಗೆ ವಾರಂಟ್ ಆಫೀಸರ್ ಆಗಿ ಮೊದಲ ದಳದ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿ ಇಟ್ಟರು. ಆ ಬಳಿಕ ಕಮಿಷನ್ ಪಡೆದು ಏರ್ ವೈಸ್ ಮಾರ್ಷಲ್ ಆಗಿ, ಕಾನ್ಪುರದಲ್ಲಿ ಆವ್ರೊ ಸಾಗಣೆ ವಿಮಾನದ ತಯಾರಿಕೆಗೆ ನಾಯಕರಾದರು. ಮೇಲೆ ಏರಿ ಅಧಿಕಾರಿಯಾದುದರಿಂದ ಅವರ ಹೆಸರು ಉಳಿಯಿತು, ಸಿಪಾಯಿಯಾಗಿಯೇ ನಿವೃತ್ತರಾದವರ ಹೆಸರು ಉಳಿಯಲಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಉತ್ತರ ಬೆಂಗಳೂರು ಈ ಕಥೆಯೊಳಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಆರಂಭಿಸಿದ ಮೇಲೆ ಈ ನಗರ ವಿಮಾನಗಳ ಊರಾಯಿತು. ಜಪಾನೀಯರು ಬರ್ಮಾವನ್ನು ಹಿಡಿದ ಬಳಿಕ ದಕ್ಷಿಣ ಭಾರತದ ನೆಲೆಗಳಿಗೆ ಬೆಲೆ ಹೆಚ್ಚಿತು. ಯಲಹಂಕದ ವಿಮಾನತಾಣದಲ್ಲಿ 1944ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನ ಹಲವು ದಳಗಳು ಹಳೆಯ ಹರಿಕೇನ್ ವಿಮಾನಗಳನ್ನು ಬಿಟ್ಟು ಅಮೆರಿಕದ ಥಂಡರ್‌ಬೋಲ್ಟ್ ವಿಮಾನಗಳನ್ನು ಹಾರಿಸಲು ಕಲಿತು ಬರ್ಮಾ ರಂಗಕ್ಕೆ ತೆರಳಿದವು. ಅತ್ತ ಜಾಲಹಳ್ಳಿಯಲ್ಲಿ ಇಟಾಲಿಯನ್ ಯುದ್ಧಕೈದಿಗಳ ಶಿಬಿರವೂ ದೊಡ್ಡ ಸೈನಿಕ ಆಸ್ಪತ್ರೆಯೂ ಇದ್ದವು. ರಾಗಿ ಹೊಲ, ಕೆರೆ ಮತ್ತು ತೋಪುಗಳ ಈ ಸೀಮೆಯ ರೈತರು ಎಂಜಿನ್ನಿನ ಸದ್ದಿಗೆ ಒಗ್ಗಿಕೊಂಡದ್ದು ಆ ವರ್ಷಗಳಲ್ಲಿ.

ಸಂಕೇತ ಕಾರ್ಯ, ಅಂದರೆ ತಂತಿ, ರೇಡಿಯೊಗಳ ಮೂಲಕ ಸುದ್ದಿ ಕಳಿಸುವ ಮತ್ತು ಹಿಡಿಯುವ ಕೆಲಸ, ಸಿಪಾಯಿ ದರ್ಜೆಯವರಿಗೆ ಎಂತಹ ಸ್ಥಾನವನ್ನು ಕೊಟ್ಟಿತು ಎಂಬುದಕ್ಕೆ 1946ರ ನೌಕಾಪಡೆಯ ಬಂಡಾಯ ಸಾಕ್ಷಿ. ಫೆಬ್ರವರಿ 18ರಂದು ಅದು ಆರಂಭವಾದದ್ದು ಮುಂಬಯಿಯ ತಲ್ವಾರ್ ಎಂಬ ಸಂಕೇತ ತರಬೇತಿ ಶಾಲೆಯಲ್ಲಿ, ಮುಷ್ಕರ ಸಮಿತಿಯ ಅಧ್ಯಕ್ಷ ಎಂ. ಎಸ್. ಖಾನ್ ಸಂಕೇತಗಾರ, ಉಪಾಧ್ಯಕ್ಷ ಮದನ್ ಸಿಂಗ್ ಟೆಲಿಗ್ರಾಫ್ ಚಾಲಕ. ಒಂದು ಹಡಗಿನ ಸುದ್ದಿ ಇನ್ನೊಂದಕ್ಕೆ ಅವರ ಕೈಯಿಂದಲೇ ಹೋಗುತ್ತಿದ್ದುದರಿಂದ ಬಂಡಾಯದ ಕರೆಯೂ ಅದೇ ದಾರಿಯಲ್ಲಿ ಹರಡಿತು. ಆ ತಿಂಗಳಲ್ಲಿ ವಾಯುಪಡೆಯ ಭಾರತೀಯ ಏರ್‌ಮ್ಯಾನ್‌ಗಳೂ ಮುಂಬಯಿ ಮೊದಲಾದೆಡೆ ಕೆಲಸ ನಿಲ್ಲಿಸಿದರು. ಬಾಹ್ಯಾಕಾಶದ ವಿಷಯಕ್ಕೆ ಇದು ದೂರದ ಪ್ರಸಂಗವೆಂದು ತೋರಬಹುದು. ಆದರೆ ಸಂಕೇತವನ್ನು ಕಾಯುವವನು ಬರಿಯ ಕೈಯಾಳಲ್ಲ, ಸೇನೆಯ ಕಿವಿಯೂ ನಾಲಗೆಯೂ ಅವನೇ ಎಂಬುದು ಆಳುವವರಿಗೆ ಅಂದು ಮನದಟ್ಟಾಯಿತು, ಸ್ವತಂತ್ರ ಭಾರತದ ಸೇನೆಗಳು ಅವನ ಶಿಕ್ಷಣಕ್ಕೆ ಕೊಟ್ಟ ಮಹತ್ವವನ್ನು ಈ ಹಿನ್ನೆಲೆಯಲ್ಲಿ ನೋಡುವುದು ಸರಿ.

ಆ ಶಿಕ್ಷಣದ ಮುಖ್ಯ ತಾಣ ಜಾಲಹಳ್ಳಿ. ವಾಯುಪಡೆಯ ತಾಂತ್ರಿಕ ಅಧಿಕಾರಿಗಳ ಕಾಲೇಜು 1949ರಲ್ಲಿ ಅಲ್ಲಿ ನೆಲೆಗೊಂಡಿತು, ಅದೇ ವರ್ಷ ತರಬೇತಿ ಕಮಾಂಡ್ ಬೆಂಗಳೂರಿನಲ್ಲಿ ರೂಪುಗೊಂಡಿತು. ಏರ್‌ಮ್ಯಾನ್‌ಗಳ ಪಾಲಿಗೆ ಕಾಲೇಜಿಗಿಂತ ಹತ್ತಿರದವು ಜಾಲಹಳ್ಳಿಯ ಎಲೆಕ್ಟ್ರಾನಿಕ್ಸ್ ತರಬೇತಿ ಸಂಸ್ಥೆ ಮತ್ತು ಸಂಪರ್ಕ ತರಬೇತಿ ಸಂಸ್ಥೆ. ಬೆಳಗಾವಿಯ ಸಾಂಬ್ರಾದಲ್ಲಿರುವ ಏರ್‌ಮ್ಯಾನ್ ತರಬೇತಿ ಶಾಲೆಯಲ್ಲಿ ಕವಾಯತು, ಬಂದೂಕು, ಶಿಸ್ತು ಕಲಿತ ಹುಡುಗರು ಟ್ರೇಡ್ ಹಂಚಿಕೆಯಾದ ಮೇಲೆ ಇಲ್ಲಿಗೆ ಬರುತ್ತಿದ್ದರು. ಟ್ರೇಡ್ ಎಂದರೆ ಸೇವೆಯುದ್ದಕ್ಕೂ ಜೊತೆಗಿರುವ ಕಸುಬು: ರೇಡಿಯೊ ಫಿಟ್ಟರ್, ರಾಡಾರ್ ಫಿಟ್ಟರ್ ಮುಂತಾದವು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬೇಲಿಗೆ ಬೇಲಿ ಹೊಂದಿಕೊಂಡಂತೆ ಅದೇ ಜಾಲಹಳ್ಳಿಯಲ್ಲಿ ಬೆಳೆಯಿತು. ರಾಡಾರು ತಯಾರಾಗುವ ಊರಿನಲ್ಲಿಯೇ ಅದನ್ನು ರಿಪೇರಿ ಮಾಡುವವನೂ ತಯಾರಾಗುವ ಇಂತಹ ಅನುಕೂಲ ದೇಶದಲ್ಲಿ ಬೇರೆಡೆ ಅಪರೂಪ. ಇದರ ಫಲ ಎರಡು ಬಗೆಯದು. ಕರ್ನಾಟಕದ ಹಳ್ಳಿಗಳಿಂದ ಕಬ್ಬನ್ ರಸ್ತೆಯ ಏರ್‌ಮ್ಯಾನ್ ಆಯ್ಕೆ ಕೇಂದ್ರದ ಮೂಲಕ ಸೇರಿದ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ವಿದ್ಯೆ ದಕ್ಕಿತು. ಪಂಜಾಬು, ಕೇರಳ, ಬಿಹಾರಗಳಿಂದ ಬಂದವರಲ್ಲಿ ಅನೇಕರು ಕೊನೆಯ ಪೋಸ್ಟಿಂಗ್ ಮುಗಿಸಿ ಇಲ್ಲಿಯೇ ಸೈಟು ಕೊಂಡು ನೆಲೆಸಿದರು. ವಿದ್ಯಾರಣ್ಯಪುರ, ಯಲಹಂಕಗಳ ಬಡಾವಣೆಗಳಲ್ಲಿ ಮನೆಯ ಫಲಕದ ಮೇಲೆ ಹೆಸರಿನ ಮುಂದೆ ವಾರಂಟ್ ಆಫೀಸರ್ ಎಂಬ ಬಿರುದು ಕಾಣುವುದು ಇದರಿಂದಲೇ.

ಹುಣಸಮಾರನಹಳ್ಳಿಯ ಬದುಕನ್ನು ಯಲಹಂಕದ ವಾಯುನೆಲೆಯ ಬೇಲಿ ತಿದ್ದಿತು. ನೆಲೆಗೆ ತಾಗಿದಂತಿರುವ ಈ ಊರಿನಲ್ಲಿ ಕಟ್ಟಡದ ಎತ್ತರಕ್ಕೂ ಕಸ ಸುರಿಯುವುದಕ್ಕೂ ವಿಮಾನ ಸುರಕ್ಷತೆಯ ನಿಯಮಗಳ ಅಂಕೆ ಇದೆ. 1996ರಲ್ಲಿ ಯಲಹಂಕದಲ್ಲಿ ಆರಂಭವಾದ ಏರೋ ಇಂಡಿಯಾ ಪ್ರದರ್ಶನ ನಡೆಯುವ ದಿನಗಳಲ್ಲಿ ಹದ್ದುಗಳು ವಿಮಾನಗಳ ದಾರಿಗೆ ಬಾರದಿರಲೆಂದು ಸುತ್ತಲಿನ ಮಾಂಸದಂಗಡಿಗಳು ಬಾಗಿಲು ಹಾಕುತ್ತವೆ. ಸಾಗಣೆ ವಿಮಾನಗಳ ಚಾಲಕರಿಗೆ ತರಬೇತಿ ನೀಡುವ ಈ ನೆಲೆ ಉಪಗ್ರಹ ಕೇಂದ್ರವಲ್ಲ. ಆದರೂ ಹಾರುವ ವಿಮಾನಕ್ಕೆ ಹವಾಮಾನ, ದಿಕ್ಕು, ಸಂಪರ್ಕ ಇವನ್ನೆಲ್ಲ ಒದಗಿಸುವ ಏರ್‌ಮ್ಯಾನ್‌ಗಳ ಕೆಲಸ ಇತ್ತೀಚಿನ ದಶಕಗಳಲ್ಲಿ ಹೆಚ್ಚೆಚ್ಚಾಗಿ ಉಪಗ್ರಹದ ಮೇಲೆ ನಿಂತಿದೆ. 1986ರಲ್ಲಿ ಆರಂಭವಾದ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಮಹಾವಿದ್ಯಾಲಯ ಇದೇ ಊರಿನಲ್ಲಿದ್ದು, ರಸ್ತೆಯ ಒಂದು ಕಡೆ ಎಂಜಿನಿಯರಿಂಗ್ ಓದುವವರೂ ಬೇಲಿಯ ಆಚೆ ಅದೇ ವಿದ್ಯೆಯನ್ನು ಕೈಯಿಂದ ಕಲಿತವರೂ ನೆರೆಹೊರೆಯಾಗಿದ್ದಾರೆ.

ಬಾಹ್ಯಾಕಾಶ ಉತ್ತರ ಬೆಂಗಳೂರಿಗೆ ಬಂದದ್ದು ಪೀಣ್ಯದ ಕೈಗಾರಿಕಾ ಷೆಡ್ಡುಗಳ ಮೂಲಕ. ಉಡುಪಿ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರ ತಂಡ 1972ರಿಂದ ಆ ಷೆಡ್ಡುಗಳಲ್ಲಿ ದುಡಿದು ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಕಕ್ಷೆ ಸೇರಿತು. ಜಾಲಹಳ್ಳಿಯ ತರಬೇತಿ ಶಾಲೆಗಳು ಅಲ್ಲಿಗೆ ಕೂಗಳತೆಯ ದೂರದಲ್ಲಿದ್ದರೂ ನಾಗರಿಕ ಬಾಹ್ಯಾಕಾಶಕ್ಕೂ ಸೈನ್ಯಕ್ಕೂ ನಡುವೆ ಬಹುಕಾಲ ಅಂತರವಿತ್ತು. ಭಾರತ ಅದನ್ನು ಬೇಕೆಂದೇ ಕಾಯ್ದುಕೊಂಡಿತ್ತು. ಅಂತರವನ್ನು ಕಿರಿದುಗೊಳಿಸಿದ್ದು 1999ರ ಕಾರ್ಗಿಲ್ ಯುದ್ಧ. ಎತ್ತರದ ಶಿಖರಗಳಲ್ಲಿ ಶತ್ರು ಎಲ್ಲಿ ಕುಳಿತಿದ್ದಾನೆಂದು ತಿಳಿಯಲು ಸ್ವಂತ ಕಣ್ಣು ಬೇಕೆಂಬುದು ಆಗ ಎಲ್ಲರಿಗೂ ಅರಿವಾಯಿತು. 2001ರ ಅಕ್ಟೋಬರ್‌ನಲ್ಲಿ ಸುಮಾರು ಒಂದು ಮೀಟರ್ ಗಾತ್ರದ ವಸ್ತುವನ್ನು ಗುರುತಿಸಬಲ್ಲ ಟಿಇಎಸ್ ಉಪಗ್ರಹ ಹಾರಿತು. 2010ರ ಸೆಪ್ಟೆಂಬರ್‌ನಲ್ಲಿ ವಾಯುಪಡೆಯ ನೆಲೆಗಳನ್ನು ಜೋಡಿಸುವ ಏಎಫ್‌ನೆಟ್ ಎಂಬ ಡಿಜಿಟಲ್ ಜಾಲ ಆರಂಭವಾಯಿತು. 2013ರ ಆಗಸ್ಟ್‌ನಲ್ಲಿ ನೌಕಾಪಡೆಗೆಂದು ಜಿಸ್ಯಾಟ್-7, 2018ರ ಡಿಸೆಂಬರ್ 19ರಂದು ವಾಯುಪಡೆಗೆಂದು ಸುಮಾರು 2,250 ಕಿಲೋ ತೂಕದ ಜಿಸ್ಯಾಟ್-7ಎ ಕಕ್ಷೆ ಸೇರಿದವು.

ಉಪಗ್ರಹ ಮೇಲೇರಿದ ದಿನ ಪತ್ರಿಕೆಗಳು ರಾಕೆಟ್ಟಿನ ಚಿತ್ರ ಹಾಕುತ್ತವೆ. ಮರುದಿನದಿಂದ ಮುಂದಿನ ಹಲವು ವರ್ಷಗಳ ಕೆಲಸ ನೆಲದ ಮೇಲೆ ನಡೆಯುತ್ತದೆ, ಅದರ ಸ್ವರೂಪವನ್ನು ತಿಳಿಯಲು ಹುಣಸಮಾರನಹಳ್ಳಿಯ ಯಾವುದೇ ತಾರಸಿಯ ಮೇಲಿನ ಡಿಟಿಎಚ್ ತಟ್ಟೆಯನ್ನು ನೋಡಿದರೂ ಸಾಕು. ಭೂಸ್ಥಿರ ಉಪಗ್ರಹವು ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಾನೂ ಸುತ್ತುವುದರಿಂದ ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ತೋರುತ್ತದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ, ಇದೇ ರೇಖಾಂಶದ ಆಸುಪಾಸಿನ ಉಪಗ್ರಹವಾದರೆ ತಟ್ಟೆ ದಕ್ಷಿಣಕ್ಕೆ ಮುಖ ಮಾಡಿ ನೆಲಮಟ್ಟದಿಂದ ಸುಮಾರು 75 ಡಿಗ್ರಿ ಮೇಲಕ್ಕೆ ನೋಡಬೇಕು. ತಟ್ಟೆ ದೊಡ್ಡದಾದಷ್ಟೂ ಅದರ ನೋಟ ಕಿರಿದಾಗುತ್ತದೆ, ಬೋಲ್ಟು ಅರ್ಧ ಸುತ್ತು ಸಡಿಲವಾದರೂ ಸಂಕೇತ ಕ್ಷೀಣಿಸುತ್ತದೆ. ಕೆಯು ಬ್ಯಾಂಡ್ ಎಂಬ ಹೆಚ್ಚಿನ ಆವರ್ತನದ ಅಲೆಗಳನ್ನು ಮಳೆಹನಿಗಳು ಹೀರಿಕೊಳ್ಳುವುದರಿಂದ ಜೋರುಮಳೆಯಲ್ಲಿ ಮನೆಯ ಟಿವಿಯ ಚಿತ್ರ ಮಾಯವಾಗುತ್ತದೆ. ಜಿಸ್ಯಾಟ್-7ಎ ಬಳಸುವುದೂ ಅದೇ ಬ್ಯಾಂಡ್ ಆದುದರಿಂದ, ಮನೆಯವರು ಮಳೆ ನಿಲ್ಲಲೆಂದು ಕಾದಂತೆ ವಾಯುನೆಲೆಯವರು ಕಾಯಲಾಗದು. ಪ್ರಸಾರದ ಬಲ ಏರಿಸುವುದು, ದತ್ತಾಂಶದ ವೇಗ ಇಳಿಸುವುದು, ಬದಲಿ ಮಾರ್ಗಕ್ಕೆ ಹೊರಳುವುದು ಇವೆಲ್ಲವನ್ನೂ ನಿಮಿಷಗಳಲ್ಲಿ ತೀರ್ಮಾನಿಸಬೇಕಾಗುತ್ತದೆ. ಸಂಕೇತ ಮೇಲೇರಿ ಕೆಳಗಿಳಿಯಲು ಹೇಗೂ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ, ದೋಷ ಯಂತ್ರದಲ್ಲಿದೆಯೋ ಆಕಾಶದಲ್ಲಿದೆಯೋ ಎಂದು ಬೇರ್ಪಡಿಸಲು ಕೈಪಿಡಿಯ ಜೊತೆಗೆ ಬಹುಕಾಲದ ರೂಢಿಯೂ ಬೇಕು. ಅಧಿಕಾರಿಗಳು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಹೊಣೆ ಬದಲಿಸುತ್ತಾರೆ. ಏರ್‌ಮ್ಯಾನ್ ಊರು ಬದಲಿಸಿದರೂ ಕಸುಬು ಬದಲಿಸುವುದಿಲ್ಲ. ವಾಲ್ವಿನ ರೇಡಿಯೊದಲ್ಲಿ ಕೈ ಪಳಗಿಸಿಕೊಂಡವನು ಟ್ರಾನ್ಸಿಸ್ಟರಿಗೂ, ಅಲ್ಲಿಂದ ಡಿಜಿಟಲ್ ಜಾಲಕ್ಕೂ ತನ್ನ ಸೇವೆಯ ಒಳಗೇ ದಾಟಿದ ಉದಾಹರಣೆಗಳು ಆ ಪೀಳಿಗೆಯಲ್ಲಿ ಸಾಮಾನ್ಯ.

2019ರ ಮಾರ್ಚ್ 27ರಂದು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ತನ್ನ ಕ್ಷಿಪಣಿಯಿಂದ ಸುಮಾರು 300 ಕಿಲೋಮೀಟರ್ ಎತ್ತರದ ಸ್ವದೇಶಿ ಉಪಗ್ರಹವೊಂದನ್ನು ಹೊಡೆದುರುಳಿಸಿ, ಬಾಹ್ಯಾಕಾಶವೂ ರಣರಂಗವಾಗಬಹುದು ಎಂಬುದನ್ನು ಭಾರತದ ಕಡೆಯಿಂದ ತೋರಿಸಿತು. ಅದೇ ವರ್ಷ ಮೂರೂ ಸೇನೆಗಳ ಸಿಬ್ಬಂದಿಯನ್ನು ಒಳಗೊಂಡ ರಕ್ಷಣಾ ಬಾಹ್ಯಾಕಾಶ ಸಂಸ್ಥೆ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಕೆಲಸ ಆರಂಭಿಸಿತು, ಏರ್ ವೈಸ್ ಮಾರ್ಷಲ್ ಎಸ್. ಪಿ. ಧಾರ್ಕರ್ ಅದರ ಮೊದಲ ಮುಖ್ಯಸ್ಥರು. ಉಪಗ್ರಹ ಚಿತ್ರಗಳನ್ನು ಪರಿಶೀಲಿಸುವ ದೆಹಲಿಯ ಕೇಂದ್ರವೂ ಭೋಪಾಲದ ರಕ್ಷಣಾ ಉಪಗ್ರಹ ನಿಯಂತ್ರಣ ಕೇಂದ್ರವೂ ಅದರೊಳಗೆ ಸೇರಿದವು. 2024ರ ನವೆಂಬರ್‌ನಲ್ಲಿ ಈ ಸಂಸ್ಥೆ ಅಂತರಿಕ್ಷ ಅಭ್ಯಾಸ ಎಂಬ ಹೆಸರಿನ ಮೂರು ದಿನಗಳ ಕವಾಯತನ್ನು ನಡೆಸಿತು.

ಅದೇ 2019ರ ಡಿಸೆಂಬರ್ 20ರಂದು ಅಮೆರಿಕ ಬಾಹ್ಯಾಕಾಶಕ್ಕೆಂದೇ ಸ್ಪೇಸ್ ಫೋರ್ಸ್ ಎಂಬ ಪ್ರತ್ಯೇಕ ಪಡೆಯನ್ನು ಕಟ್ಟಿತು. ಅಲ್ಲಿ ಪಡೆಯ ಮುಖ್ಯಸ್ಥರ ಪಕ್ಕದಲ್ಲಿಯೇ ಸಿಪಾಯಿ ದರ್ಜೆಯವರೆಲ್ಲರ ಪರವಾಗಿ ಮಾತನಾಡುವ ಚೀಫ್ ಮಾಸ್ಟರ್ ಸಾರ್ಜೆಂಟ್ ಆಫ್ ದ ಸ್ಪೇಸ್ ಫೋರ್ಸ್ ಎಂಬ ಹುದ್ದೆ ಇದೆ. 2020ರ ಏಪ್ರಿಲ್ 3ರಂದು ಪ್ರಮಾಣವಚನ ಸ್ವೀಕರಿಸಿ ಆ ಪಡೆಯ ಮೊದಲ ಸಿಪಾಯಿಯಾದ ರೋಜರ್ ಟೌಬರ್‌ಮನ್ ಅವರೇ ಆ ಹುದ್ದೆಯ ಮೊದಲಿಗರು. ಅವರು ವೃತ್ತಿಯನ್ನು ಆರಂಭಿಸಿದ್ದು ವಿಮಾನದಲ್ಲಿ ಕುಳಿತು ಪರಭಾಷೆಯ ಸಂಕೇತಗಳನ್ನು ಆಲಿಸುವ ಭಾಷಾತಜ್ಞರಾಗಿ. 2023ರ ಸೆಪ್ಟೆಂಬರ್‌ನಲ್ಲಿ ಅವರ ಸ್ಥಾನಕ್ಕೆ ಜಾನ್ ಬೆಂಟಿವೆನ್ಯಾ ಬಂದರು. ಈ ಇಬ್ಬರ ಸೇವಾಚರಿತ್ರೆ ಸಾರ್ವಜನಿಕವಾಗಿ ಸಿಗುತ್ತದೆ: ಯಾವ ವರ್ಷ ಸೇರಿದರು, ಎಲ್ಲಿ ಕಲಿತರು, ಯಾವ ನೆಲೆಯಲ್ಲಿ ದುಡಿದರು ಎಂಬುದೆಲ್ಲ ದಾಖಲಾಗಿದೆ. ಭಾರತದ ಮಾಸ್ಟರ್ ವಾರಂಟ್ ಆಫೀಸರ್‌ಗೆ ಸಿಗುವ ಸಾರ್ವಜನಿಕ ಗೌರವವೆಂದರೆ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ಆಯ್ದ ಕೆಲವರಿಗೆ ಕೊಡುವ ಗೌರವ ಫ್ಲೈಯಿಂಗ್ ಆಫೀಸರ್, ಗೌರವ ಫ್ಲೈಟ್ ಲೆಫ್ಟಿನೆಂಟ್ ಪದವಿಗಳು. ಪದವಿ ದೊಡ್ಡದೇ. ಆದರೆ ಅದನ್ನು ತಂದುಕೊಟ್ಟ ಮೂರು ದಶಕಗಳ ದುಡಿಮೆಯ ವಿವರ ಪಟ್ಟಿಯ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ವಾಯುಪಡೆಯ ಅಧಿಕಾರಿಗಳಾದ ರಾಕೇಶ್ ಶರ್ಮಾ 1984ರಲ್ಲಿ, ಶುಭಾಂಶು ಶುಕ್ಲಾ 2025ರಲ್ಲಿ ಬಾಹ್ಯಾಕಾಶಕ್ಕೆ ಹೋದುದನ್ನು ನಾಡಿನ ಮಕ್ಕಳೆಲ್ಲ ಬಲ್ಲರು, ಬಲ್ಲವರಾಗಿರುವುದು ನ್ಯಾಯವೂ ಹೌದು. ಅದೇ ಪಡೆಯ ಸಂಕೇತ ಕೋಣೆಯಲ್ಲಿ ಬಾಳು ಸವೆಸಿದ ಒಬ್ಬನ ಹೆಸರನ್ನಾದರೂ ಅವರು ಬಲ್ಲರೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಈ ಪ್ರಶ್ನೆಗೆ ಈಗ ಆತುರ ಬಂದಿದೆ. ಹಿಂದಿನ ಪದ್ಧತಿಯಲ್ಲಿ ಏರ್‌ಮ್ಯಾನ್ ಮೊದಲಿಗೆ 20 ವರ್ಷಗಳ ಸೇವೆಗೆ ಸಹಿ ಹಾಕುತ್ತಿದ್ದ, ವಿಸ್ತರಣೆ ದೊರೆತು ಮೇಲೇರಿದರೆ 57ರ ವಯಸ್ಸಿನವರೆಗೂ ಸಮವಸ್ತ್ರದಲ್ಲಿ ಇರಬಹುದಿತ್ತು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಎಂಬ ಸೇನಾ ಭರ್ತಿ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷದ್ದು, ಆ ಬಳಿಕ ಶೇ 25ರಷ್ಟು ಮಂದಿಯವರೆಗೆ ಮಾತ್ರ ಮುಂದುವರಿಕೆ. ಇದೇ ಯೋಜನೆಯಡಿ 2023ರಲ್ಲಿ ಮಹಿಳೆಯರು ಮೊದಲ ಬಾರಿಗೆ ಏರ್‌ಮ್ಯಾನ್‌ಗೆ ಸಮಾನವಾದ ದರ್ಜೆಗೆ ಸೇರಿ ಬೆಳಗಾವಿಯಲ್ಲಿ ತರಬೇತಿ ಮುಗಿಸಿದರು ಎಂಬುದು ದೊಡ್ಡ ಹೆಜ್ಜೆ. ಆದರೆ ಉಪಗ್ರಹ ಸಂಪರ್ಕದಂತಹ ಕಸುಬಿಗೆ ನಾಲ್ಕು ವರ್ಷ ಎಂದರೆ ಕಲಿಕೆಯೇ ಮುಗಿಯದ ಅವಧಿ. ಉಳಿಯುವ ಕಾಲುಭಾಗದವರಲ್ಲಿ ಈ ಟ್ರೇಡಿನ ಕೈಗಳನ್ನು ಆದ್ಯತೆಯಿಂದ ಉಳಿಸಿಕೊಳ್ಳದಿದ್ದರೆ ಮುಂದಿನ ಪೀಳಿಗೆಯ ಮಾಸ್ಟರ್ ವಾರಂಟ್ ಆಫೀಸರುಗಳು ಎಲ್ಲಿಂದ ಬರಬೇಕು?

ವಾಲ್ವಿನ ಕಾಲವನ್ನೂ ಉಪಗ್ರಹದ ಕಾಲವನ್ನೂ ಎರಡನ್ನೂ ಕಂಡ ಹಿರಿಯರು ಯಲಹಂಕ, ಜಾಲಹಳ್ಳಿ, ಹುಣಸಮಾರನಹಳ್ಳಿಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ರಹಸ್ಯ ಕಾಯ್ದೆಗೆ ಒಳಪಟ್ಟ ಸಂಗತಿಗಳನ್ನು ಅವರು ಹೇಳುವಂತಿಲ್ಲ, ಕೇಳುವವರು ಕೇಳಲೂಬಾರದು. ತರಬೇತಿ ಶಾಲೆಯ ದಿನಚರಿ, ಕೈಗೆ ಸಿಕ್ಕ ಮೊದಲ ಉಪಕರಣ, ಪೋಸ್ಟಿಂಗ್ ಹೋದ ಊರುಗಳು, ಗುರುವಾಗಿದ್ದ ವಾರಂಟ್ ಆಫೀಸರ್ ಕಲಿಸಿದ ಬಗೆ ಇವುಗಳಲ್ಲಿ ರಹಸ್ಯವೇನೂ ಇಲ್ಲ, ಇತಿಹಾಸ ಧಾರಾಳವಾಗಿದೆ. ಇವನ್ನು ಕನ್ನಡದಲ್ಲಿ ಕೇಳಿ, ಬರೆದು, ಧ್ವನಿಮುದ್ರಿಸಿ ಇಡುವ ಕೆಲಸವನ್ನು ಈ ಭಾಗದ ಕಾಲೇಜುಗಳು ಕೈಗೆತ್ತಿಕೊಳ್ಳಬೇಕು. ಅಲ್ಲಿಯವರೆಗೆ ಇಂತಹ ಹಿರಿಯರಿರುವ ಮನೆಯವರು ಪೆಟ್ಟಿಗೆಯಲ್ಲಿರುವ ಡಿಸ್ಚಾರ್ಜ್ ಪುಸ್ತಕವನ್ನೂ ತರಬೇತಿಯ ನೋಟುಪುಸ್ತಕಗಳನ್ನೂ ರದ್ದಿಗೆ ಹಾಕದೆ ಇಟ್ಟುಕೊಳ್ಳಲಿ, ಹಳೆಯ ಗುಂಪುಚಿತ್ರಗಳ ಹಿಂದೆ ಊರು, ವರ್ಷ ಮತ್ತು ನಿಂತವರೆಲ್ಲರ ಹೆಸರನ್ನು ಅವರಿಂದಲೇ ಕೇಳಿ ಬರೆಸಿಡಲಿ.